ಬಿಸಿಲಿಗೆ ಹಾಕಿದ ಟೋನರ್

ಸೋಮಯ್ಯನವರ ಮಗಳ ಲಗ್ನಪತ್ರಿಕೆಯಲ್ಲಿ ಮದುಮಗಳ ಹೆಸರೂ ಸೇರಿ ಅಕ್ಷರವೆಲ್ಲ ಮಸುಕಾಗಿ ಬಂದದ್ದೇ ಆ ದಿನದ ರಗಳೆಗೆಲ್ಲ ಮೂಲ.

ಅದು ಎರಡು ಸಾವಿರದ ಒಂದನೇ ಇಸವಿ. ಬಾಳ್ಳುಪೇಟೆಯ ಹೆದ್ದಾರಿ ಪಕ್ಕದಲ್ಲಿ ಚಂದ್ರಶೇಖರನ ಡಿ.ಟಿ.ಪಿ. ಅಂಗಡಿ. ಊರಿಗೆಲ್ಲ ಅವನದೊಂದೇ ಲೇಸರ್ ಪ್ರಿಂಟರ್. ಅದರ ಬಾಯಿಂದ ಕಾಗದ ಬರುವುದನ್ನು ನೋಡಲೆಂದೇ ಜನ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಎಂಥ ಪುರುಸೊತ್ತಿನ, ಎಂಥ ಅಕ್ಕರೆಯ ಕಾಲ ಅದು! ಒಬ್ಬರ ಅಂಗಡಿಗೆ ಬಂದ ಕಷ್ಟ ಇಡೀ ಬೀದಿಗೇ ಬಂದಂತೆ. ಚಂದ್ರಶೇಖರನೂ ಒಳ್ಳೆಯವನೇ, ಆದರೆ ಪ್ರಿಂಟರಿನ ಕಪ್ಪು ಪುಡಿ, ಅದೇ ಟೋನರ್, ಅದರ ವಿಷಯ ಬಂದರೆ ಎಂಜಲು ಕೈಯಲ್ಲಿ ಕಾಗೆ ಓಡಿಸುವವನಲ್ಲ.

ಸಂಜೆ ನಾಲ್ಕಕ್ಕೆ ಸೋಮಯ್ಯನವರು ಬೆಳಗೋಡಿನಿಂದ ಬರುವವರಿದ್ದರು. ಮೊದಲ ಪತ್ರಿಕೆಗೆ ಅರಿಶಿನ ಹಚ್ಚಿ ಅಂದೇ ಮನೆದೇವರ ಮುಂದೆ ಇಡಬೇಕು, ಮರುದಿನ ಅಮಾವಾಸ್ಯೆ. ತಪ್ಪಿದರೆ ಆ ಸುತ್ತಿನ ಒಂದು ಮದುವೆಯ ಕೆಲಸವೂ ಮುಂದೆ ಈ ಅಂಗಡಿಯ ಮೆಟ್ಟಿಲು ಹತ್ತದು. ಆ ಪುಡಿ ತುಂಬಿದ ಹೊಸ ಕಾರ್ಟ್ರಿಜ್ ಬೇಕೆಂದರೆ ಹಾಸನಕ್ಕೆ ಓಡಬೇಕು, ಮೂರೂವರೆ ಸಾವಿರ ಸುರಿಯಬೇಕು. ಟೈಪಿಂಗ್ ನೋಡಿಕೊಳ್ಳುವ ಹೆಂಡತಿ ಶಾಲಿನಿ ಬೇರೆ ಬೆಳಗ್ಗೆಯೇ ಹಾನುಬಾಳಿನ ತವರಿಗೆ ಹೋಗಿದ್ದಳು.

ಚಂದ್ರಶೇಖರ ಕಾರ್ಟ್ರಿಜ್ ತೆಗೆದು, ಕೂಸನ್ನು ತೂಗಿದಂತೆ ತೂಗಿ, ಮತ್ತೆ ಹಾಕಿದ. ಅಕ್ಷರ ಮಸುಕಾಗಿಯೇ ಬಂತು.

ಬೆಂಚಿನ ಮೇಲಿದ್ದ ಮಹಾದೇವಯ್ಯ ಎದ್ದರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿ ಮೂವತ್ತು ವರ್ಷ ಕಾಫಿ ಒಣಗಿಸಿ ನಿವೃತ್ತರಾದವರು.

“ಖಾಲಿ ಆಗಿಲ್ಲ ಕಣೋ ಮಾರಾಯ. ಪುಡಿ ಥಂಡಿ ಹಿಡ್ಕಂಡೈತೆ. ನಮ್ ಕಡೆ ಹವಾಕ್ಕೆ ಉಪ್ಪೇ ನೀರಾಗ್ತದೆ, ಇದ್ಯಾವ ಲೆಕ್ಕ?”

“ಹಂಗಾರೆ ಏನ್ಮಾಡದು ರೈಟ್ರೇ?”

“ಒಣಗ್ಸು!”

ಎದುರಿನ ಟೈಲರ್ ನಾಗರತ್ನಮ್ಮ ಅಷ್ಟರಲ್ಲೇ ಮೊರ ತಂದರು. “ನಮ್ ಮೆಣಸಿನ ಪಕ್ದಲ್ಲೇ ಇಡು. ಅಲ್ಲಿ ಬಿಸ್ಲು ಚೆನ್ನಾಗ್ ಬೀಳ್ತದೆ.”

ಕಾರ್ಟ್ರಿಜ್ ಮೊರವೇರಿತು. ಒಳಗೂ ಬಿಸಿಲು ತಾಗಲಿ ಎಂದು ಮಹಾದೇವಯ್ಯ ಅದರ ಮುಚ್ಚಳ ಎತ್ತಿ ಒಂದು ಕಡ್ಡಿ ಸಿಕ್ಕಿಸಿದರು. ಅರ್ಧ ಗಂಟೆಗೊಮ್ಮೆ ಮಗುಚಿ ಹಾಕಿದರು. ಹನ್ನೆರಡಕ್ಕೆ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು.

“ಗಲಗಲ ಅಂತೈತೆ. ಕಾಯಿ ಒಣಗೈತೆ, ತಗಂಡೋಗು!”

ಈ ಸಲ ಹೆಸರೇನೋ ಬಂತು. ಜೊತೆಗೆ ಪತ್ರಿಕೆಯ ಎರಡೂ ಬದಿಗೆ ಎರಡು ಬೆರಳಗಲ ಕಪ್ಪು ಪಟ್ಟಿಯೂ ಬಂತು.

“ಅಯ್ಯೋ ಶಿವನೇ!” ನಾಗರತ್ನಮ್ಮ ಕೆನ್ನೆ ಬಡಿದುಕೊಂಡರು. “ಮದ್ವೆ ಕಾರ್ಡು ತಿಥಿ ಕಾರ್ಡ್ ಆಗೋಯ್ತಲ್ಲೋ!”

ಚಂದ್ರಶೇಖರ ಸಿಕ್ಕಿದ ಬಸ್ಸು ಹತ್ತಿದ. ಹಾಸನದ ಅಂಗಡಿಯವನು ಕಾರ್ಟ್ರಿಜ್ ನೋಡಿ, “ಇದನ್ನ ಬಿಸ್ಲಿಗಿಟ್ಟಿದ್ರಾ? ಬೆಳಕು ಬಿದ್ರೆ ಒಳಗಿನ ಡ್ರಮ್ಮೇ ಸತ್ತೋಗ್ತದೆ ಸಾರ್. ಬಿಸಾಕಿ” ಎಂದ. ಚಂದ್ರಶೇಖರ ಮೂರೂವರೆ ಸಾವಿರವನ್ನು ಮೂರು ಸಲ ಎಣಿಸಿ ಕೊಟ್ಟ. ಹಳೆಯದನ್ನು ಅಲ್ಲೇ ಕಸದ ಬುಟ್ಟಿಗೆ ಎಸೆದು ಓಡಿದ.

ವಾಪಸು ಬರುವಷ್ಟರಲ್ಲಿ ಸೋಮಯ್ಯನವರು ಬಂದು ಕೂತಿದ್ದರು, ಪಂಚೆಯ ತುದಿಯಲ್ಲಿ ಅರಿಶಿನದ ಪೊಟ್ಟಣ. ಹೊಸ ಕಾರ್ಟ್ರಿಜ್ ಹಾಕಿ ಪ್ರಿಂಟ್ ಒತ್ತಿದ. ಬೀದಿಯೇ ಬಗ್ಗಿ ನೋಡಿತು.

ಮದುಮಗಳ ಹೆಸರು ಮಸುಕಾಗಿತ್ತು.

“ಏನಪ್ಪಾ, ನನ್ ಮಗ್ಳು ಕಾಣದೇ ಇಲ್ವಲ್ಲ?” ಎಂದರು ಸೋಮಯ್ಯ. ಚಂದ್ರಶೇಖರನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗಲೇ ಶಾಲಿನಿ ಬಸ್ಸಿಳಿದು ಬಂದಳು. ಪತ್ರಿಕೆ ನೋಡಿದಳು, ಕಂಪ್ಯೂಟರಿನ ಮುಂದೆ ಬಗ್ಗಿ ಯಾವುದೋ ಒಂದು ಟಿಕ್ ತೆಗೆದಳು. ಮುಂದಿನ ಪತ್ರಿಕೆ ಕಾಡಿಗೆಯಲ್ಲಿ ಬರೆದಷ್ಟು ಕಪ್ಪಗೆ ಬಂತು.

“ಟೋನರ್ ಉಳಿಸೋ ಟಿಕ್ಕು ರೀ ಅದು. ಉಳ್ಸು, ಉಳ್ಸು ಅಂತ ದಿನಾ ನನ್ ತಲೆ ತಿಂತಿದ್ರಲ್ಲ, ನಿನ್ನೆ ಸಂಜೆ ಹುಡ್ಕಿ ಹುಡ್ಕಿ ಹಾಕಿಟ್ಟಿದ್ದೆ. ಆಮೇಲೆ ಗೊತ್ತಾಗಿ ನಿಮ್ಗೆ ಖುಷಿ ಆಗ್ಲಿ ಅಂತ ಹೇಳಿರ್ಲಿಲ್ಲ.”

“ಮನೆ ಉಳ್ಸೋ ಹೆಣ್ಮಗಳು ಅಂದ್ರೆ ಇವ್ಳು ಕಣಯ್ಯ!” ಸೋಮಯ್ಯ ಮೆಚ್ಚಿ ಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚಿದರು.

ಶಾಲಿನಿಯ ಕಣ್ಣು ಮೇಜಿನ ಮೇಲಿದ್ದ ಹೊಸ ಡಬ್ಬಿಯ ಮೇಲೆ ಬಿತ್ತು. “ಇದ್ಯಾಕ್ರೀ ತಂದ್ರಿ? ಹಳೇದ್ರಲ್ಲಿ ಇನ್ನೂ ಮುಕ್ಕಾಲು ಪುಡಿ ಇತ್ತಲ್ಲ! ಎಲ್ಲದು?”

ಚಂದ್ರಶೇಖರ ಉತ್ತರಕ್ಕಾಗಿ ಮಹಾದೇವಯ್ಯನವರ ಕಡೆ ತಿರುಗಿದ. ಅವರಾಗಲೇ ಹೆದ್ದಾರಿ ದಾಟಿದ್ದರು.