ಒಂದೇ ತಲೆಯ ಸಂಸಾರ

ಸೌಮ್ಯಳಿಗೆ ಸಿಟ್ಟು ಬಂದದ್ದು ಆ ರಾಕ್ಷಸರ ಮೇಲಲ್ಲ, ಅವರು ಸತ್ತರೆಂದು ಅಳುತ್ತ ಕೂತ ತನ್ನ ಮನೆಯವರ ಮೇಲೆ.

ರಾಕ್ಷಸರೆಂದರೆ ಪುರಾಣದವರಲ್ಲ. ಮಗಳು ಅನುಶ್ರೀ ಟೀವಿಯಲ್ಲಿ ಹಚ್ಚಿಕೊಟ್ಟ, ಕನ್ನಡದಲ್ಲೇ ಮಾತಾಡುವ (ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ) ಬಾಹ್ಯಾಕಾಶದ ಧಾರಾವಾಹಿಯ ಖಳರು. ಹೆಸರು ಏಕಚಿತ್ತರು. ಅರ್ಧ ಮೈ ಮಾಂಸ, ಅರ್ಧ ಯಂತ್ರ, ತಲೆಗೆ ತಗಡಿನ ಟೋಪಿ. ಸಾವಿರಾರು ಜನ, ಮನಸ್ಸು ಮಾತ್ರ ಒಂದೇ. ಒಬ್ಬ ಕಂಡದ್ದು ಎಲ್ಲರಿಗೂ ಗೊತ್ತು, ಒಬ್ಬ ನೆನೆಸಿದ್ದಕ್ಕೆ ಎಲ್ಲರ ಒಪ್ಪಿಗೆ. ಹತ್ತಿರ ಹೋದವರ ಕುತ್ತಿಗೆಗೆ ಒಂದು ವೈರು ಚುಚ್ಚಿದರೆ ಅವರೂ ಅದೇ ಗುಂಪಿಗೆ ಸೇರಿದ ಹಾಗೆ. ಅವತ್ತಿನ ಕಂತಿನಲ್ಲಿ ನಾಯಕನು ಅವರ ಹಡಗಿಗೆ ಬೆಂಕಿ ಇಟ್ಟಿದ್ದ.

“ಅವ್ನ ಕೈ ಸೇದೋಗ!” ಎಂದು ಅತ್ತೆ ದುರ್ಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. “ಅಷ್ಟು ಜನ ಒಟ್ಟಿಗಿದ್ರು. ಒಬ್ರಾದ್ರೂ ಪಾಲು ಕೇಳಿದ್ರಾ? ಬೇರೆ ಒಲೆ ಹೂಡ್ತೆ ಅಂದ್ರಾ? ಹಂತಾ ಮನೆ ಸುಡೂಕೆ ಮನಸ್ಸಾದ್ರೂ ಹೆಂಗೆ ಬತ್ತದೆ?”

“ಕಿವಿಗೆ ಮಿಷನ್ ಹಾಕೂದೇ ಬ್ಯಾಡ ಅವ್ರಿಗೆ,” ಎಂದು ಕಿವಿ ಮಂದವಾದ ಮಾವ ಕೆರಿಯಪ್ಪ ನಿಟ್ಟುಸಿರಿಟ್ಟರು. “ಸೀದಾ ತಲೆಗೇ ಕೇಳ್ತದೆ.”

“ಹೀರೋ ಬರೇ ಬೋರು,” ಎಂದಳು ಅನುಶ್ರೀ. ಮಿಕ್ಸರ್ ರಿಪೇರಿ ಅಂಗಡಿಯಿಂದ ಆಗಷ್ಟೇ ಬಂದಿದ್ದ ಗಂಡ ಸುಭಾಷ ಮಾತ್ರ ಹೆಂಡತಿಯನ್ನು ಓರೆಗಣ್ಣಿನಲ್ಲಿ ನೋಡಿ, “ಅಲ್ಲಿ ಯಾರೂ ಯಾರಿಗೂ ಬೈಯೂದಿಲ್ಲ, ನೋಡಿದ್ಯಾ?” ಎಂದ.

ಸೌಮ್ಯಳ ಪಿತ್ತ ನೆತ್ತಿಗೇರಿತು. ಏಕಚಿತ್ತರನ್ನು ಹೊಗಳುತ್ತಿರುವುದು ಯಾರು? ಬೆಳಗಾದರೆ ಒಂದು ಸಾರಿನ ಬಗ್ಗೆ ಒಮ್ಮತಕ್ಕೆ ಬಾರದ ಈ ಮಹಾಸಭೆ! ಮಾವನಿಗೆ ಬಂಗಡೆ ಬೇಕು. ಅತ್ತೆಗೆ ಸೋಮವಾರ ಮೀನಿನ ಹೆಸರೇ ಎತ್ತಬಾರದು. ಮಗಳಿಗೆ ನೂಡಲ್ಸು. ಗಂಡನದು ‘ಎಂತಾದ್ರೂ ಅಡ್ಡಿಲ್ಲ’ (ಮಾಡಿ ಬಡಿಸಿದ ಮೇಲೆ ಅಡ್ಡಿಯೋ ಅಡ್ಡಿ). ಉಪ್ಪು ಎಲ್ಲಿದೆ, ಛತ್ರಿ ಎಲ್ಲಿದೆ ಎಂಬ ಜ್ಞಾನಭಂಡಾರವೆಲ್ಲ ಸೌಮ್ಯಳ ಒಂದು ತಲೆಯಲ್ಲಿ. ಉಳಿದವರ ತಲೆಗಳು ಬಾಚಿಕೊಳ್ಳುವುದಕ್ಕೆ ಮಾತ್ರ.

ಅದಕ್ಕೇ ಅವಳಿಗೆ ತವರೆಂಬುದು ಕನಸಾಗಿತ್ತು. ಕಳೆದ ಸಲ ಮಂಚಿಕೇರಿಗೆ ಹೋದಾಗ ಚಾಪುಡಿ ಎಲ್ಲಿ, ಹುಣಸೆಹಣ್ಣೆಲ್ಲಿ ಎಂದು ಫೋನು ಬಡಿದುಕೊಂಡು ಬಡಿದುಕೊಂಡು, ಕಡೆಗೆ ಸಂಜೆಯ ಬಸ್ಸಿಗೇ ವಾಪಸ್ಸು ಬಂದಿದ್ದಳು. ಈಗ ತಂಗಿ ಭೂಮಿಕಾಳ ಬಯಕೆ ಊಟ. ಬಸುರಿ ಹುಡುಗಿ ಫೋನು ಮಾಡಿ, “ಅಕ್ಕಾ, ನಿನ್ನ ಕೈಯ ಅಪ್ಪೆಹುಳಿಯೇ ಬೇಕು. ಎರಡು ದಿನ ಉಳೀಲೇಬೇಕು” ಎಂದು ಹಟ ಹಿಡಿದಿದ್ದಳು. ಎರಡು ದಿನ ತವರಲ್ಲಿ ಕಾಲು ಚಾಚಿ ಮಲಗಬೇಕು, ಅಷ್ಟೇ ಸೌಮ್ಯಳ ಬಯಕೆಯೂ.

“ಅಷ್ಟು ಪ್ರೀತಿ ಇದ್ರೆ ನೀವೂ ಏಕಚಿತ್ತರಾಗಿ!” ಎಂದು ಅವಳು ಟೀವಿ ಆರಿಸಿದಳು. “ನಾಳೆಯಿಂದ ಈ ಮನೆಗೆ ಒಂದೇ ತಲೆ. ಯಾರು ಎಲ್ಲಿ ಎಂತ ಇಟ್ರೂ ಕೂಗಿ ಹೇಳೂದು. ಒಬ್ರು ಒಂದು ಮಾತು ಅಂದ್ರೆ ಉಳಿದವ್ರು ಹೌದು ಅನ್ನೂದು. ಎದುರುಮಾತು ಇಲ್ಲ.”

ಆಶ್ಚರ್ಯವೆಂದರೆ ಎಲ್ಲರೂ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಮೇಲೆ ಬಿದ್ದು ಮಾಡಿದರು. “ಚಾಪುಡಿ ಮೇಲಿನ ಗೂಡಲ್ಲಿ!” ಎಂದು ಅತ್ತೆ ಕೂಗಿದರೆ ಮನೆಯ ಮೂಲೆಮೂಲೆಯಿಂದ “ಮೇಲಿನ ಗೂಡಲ್ಲಿ!” ಎಂದು ಮಾರ್ದನಿ. ಮಾವ ಬಚ್ಚಲಿಗೆ ಹೋಗುವುದನ್ನೂ ಘೋಷಿಸತೊಡಗಿದರು, ಅದಕ್ಕೂ ಎಲ್ಲರ “ಹೌದು!” ಬಿತ್ತು. ಪಕ್ಕದ ಮನೆಯ ದ್ಯಾವಮ್ಮ ಗೋಡೆಯಾಚೆಯಿಂದ ಇಣುಕಿ, “ಮನೇಲಿ ಯಾರಿಗಾದ್ರೂ ಆರಾಮಿಲ್ವನೆ?” ಎಂದು ಕೇಳಿದರು. ಸಾರಿನ ಜಗಳವೂ ನಿಂತಿತು. ಅಪ್ಪೆಹುಳಿಗೆ ಬೇಕಾದ ಮಾವಿನಮಿಡಿ ಕಟ್ಟಿಕೊಂಡು, ಜಗತ್ತನ್ನು ಗೆದ್ದ ಸಂಭ್ರಮದಲ್ಲಿ ಸೌಮ್ಯ ಬಯಕೆ ಊಟದ ಹಿಂದಿನ ದಿನವೇ ಶಿರಸಿಯಲ್ಲಿ ಬಸ್ಸು ಹತ್ತಿದಳು.

ಮಂಚಿಕೇರಿಯಲ್ಲಿ ಮಧ್ಯಾಹ್ನವಾಯಿತು, ಫೋನು ಬರಲಿಲ್ಲ. ಆಹಾ, ಎಂಥ ಸುಖ! ಸಂಜೆಯಾಯಿತು, ಫೋನು ಬರಲಿಲ್ಲ. ಸೌಮ್ಯ ಫೋನು ಸರಿಯಿದೆಯೇ ಎಂದು ತಂಗಿಯಿಂದ ಒಮ್ಮೆ ರಿಂಗು ಮಾಡಿಸಿ ನೋಡಿದಳು. ಸರಿಯಿತ್ತು. ಬೆಳಗಾದರೂ ಸುದ್ದಿಯಿಲ್ಲ. ತಡೆಯಲಾರದೆ ತಾನೇ ಮಾಡಿದಳು.

“ಹೌದ್ರಾ, ಚಾ ಆಯ್ತಾ? ಚಾಪುಡಿ ಸಿಕ್ತಾ?”

“ಎಲ್ಲಾ ಸಮಾ ಅದೆ. ನೀ ಆರಾಮಿರು,” ಎಂದ ಸುಭಾಷ.

“ಆರಾಮಿರು!” ಎಂದವು ಹಿಂದಿನಿಂದ ಮೂರು ದನಿ.

ಸೌಮ್ಯಳಿಗೆ ಅಳುವೇ ಬಂತು. ಇಷ್ಟು ವರ್ಷ ಜೀವ ತೇಯ್ದದ್ದಕ್ಕೆ ಇದೇ ಏನು ಫಲ? ಒಂದು ಸಲವಾದರೂ ಹುಣಸೆಹಣ್ಣೆಲ್ಲಿ ಎಂದು ಕೇಳಬಾರದೇ? ಅಪ್ಪೆಹುಳಿಗೆ ಒಗ್ಗರಣೆ ಹಾಕಿದ ಮೇಲೆ ಇನ್ನೊಮ್ಮೆ ಫೋನು ಮಾಡಿದಳು. ಯಾರೂ ಎತ್ತಲಿಲ್ಲ. ನಾಲ್ಕೂ ಫೋನಿಗೆ ಮಾಡಿದಳು. ನಾಲ್ಕೂ ಬಡಿದುಕೊಂಡು ಸುಮ್ಮನಾದವು. ಅಷ್ಟರಲ್ಲಿ ಅವಳ ಕಣ್ಣ ಮುಂದೆ ಗ್ಯಾಸು ಸೋರಿತು, ಮಾವ ಬಚ್ಚಲಲ್ಲಿ ಜಾರಿದರು, ಅತ್ತೆಯ ಬೀಪಿ ಏರಿತು.

“ಉಣ್ಣೂಕೆ ಬಾಳೆ ಹಾಕೂ ಹೊತ್ತಿಗೆ ಹೊರಡೂ ಹೆಂಗ್ಸನ್ನ ನಾನೆಲ್ಲೂ ನೋಡ್ಲಿಲ್ಲ!” ಎಂದು ಅವ್ವ ಬೈದಳು. ತಂಗಿ ಮುಖ ಊದಿಸಿದಳು. ಸೌಮ್ಯ ಚೀಲ ಎತ್ತಿಕೊಂಡು ಓಡಿದಳು. ಬಸ್ಸು ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿಗೆ ಓಮ್ನಿಯೊಂದು ಹಾರ್ನು ಬಾರಿಸುತ್ತ ದಿಬ್ಬಣದ ಗಾಡಿಯ ಗತ್ತಿನಲ್ಲಿ ನುಗ್ಗಿ ಬಂತು. ಡ್ರೈವರು ಅದಕ್ಕೆ ಶಾಪ ಹಾಕಿದ. ಸೌಮ್ಯಳೂ ಮನಸ್ಸಿನಲ್ಲೇ ಎರಡು ಹಾಕಿದಳು.

ಶಿರಸಿಯಲ್ಲಿ ಇಳಿದು ಆಟೋ ಹಿಡಿದು ಮನೆಗೆ ಬಂದರೆ, ಬಾಗಿಲಿಗೆ ಬೀಗ.

“ಅಯ್ಯ, ನೀ ಇಲ್ಲಿದೀಯ?” ದ್ಯಾವಮ್ಮ ಗೋಡೆಯ ಮೇಲೆ ಗಲ್ಲ ಇಟ್ಟರು. “ಅವ್ರೆಲ್ಲ ಮಂಚಿಕೇರಿಗೆ ಹೋದ್ರಲೆ! ನಿಮ್ಮತ್ತೆ, ‘ಬಯಕೆ ಊಟಕ್ಕೆ ನಾವೂ ಹೋಗೂದೇ’ ಅಂದ್ರು. ಎಲ್ರೂ ಹೌದು ಅಂದ್ರು. ಓಮ್ನಿ ಬಂತು, ಹೋದ್ರು.”

ಮಗಳನ್ನು ಯಾವ ಕಾಲೇಜಿಗೆ ಸೇರಿಸುವುದೆಂದು ಬೇಸಿಗೆ ಪೂರ್ತಿ ಕಾದಾಡಿದ ಮನೆಯಿದು! ಸೌಮ್ಯ ಮೆಟ್ಟಿಲ ಮೇಲೆ ಕುಸಿದು ಅವ್ವನಿಗೇ ಫೋನು ಹಚ್ಚಿದಳು. ಆ ಕಡೆ ಸ್ಪೀಕರ್ ಹಾಕಿದ್ದರು. ಬಡಿಸುವ ಗದ್ದಲ, ನಗು.

“ಎಲ್ಲಿ ಹೋದ್ಯೆ ಮಾರಾಯ್ತಿ?” ಸುಭಾಷನ ಬಾಯಲ್ಲಿ ಹೋಳಿಗೆ ಇತ್ತು. “ನಿನಗೆ ಖುಷಿ ಆಗ್ಲಿ ಅಂತ ಹೇಳ್ದೇ ಬಂದ್ರೆ, ನೀನೇ ಇಲ್ಲ! ಗಾಡಿ ಗಲಾಟೆಗೆ ಫೋನೂ ಕೇಳ್ಲಿಲ್ಲ.”

“ಬೀಗದಕೈ ಎಲ್ಲಿ?”

“ಅಪ್ಪನ ಕಿಸೆಯಲ್ಲಿ. ನೀ ಹೆಂಗೂ ಇಲ್ಲೇ ಇರ್ತೀಯಲ್ಲ ಅಂತ ದ್ಯಾವಮ್ಮನ ಹತ್ರ ಕೊಡ್ಲಿಲ್ಲ.”

“ಹಂಗಾದ್ರೆ ಉಂಡು ಬೇಗ ಬನ್ನಿ!”

ಅವ್ವ ಫೋನು ಇಸಿದುಕೊಂಡಳು. “ಬೀಗರು ಅಪರೂಪಕ್ಕೆ ಬಂದಾರೆ ಕಣೆ. ಎರಡು ದಿನ ಇಟ್ಕೊಂಡೇ ಕಳಿಸೂದು. ನಿಂಗೆ ಅಂತ ಹಾಸಿದ್ದ ಹಾಸಿಗೆ ಹೆಂಗೂ ಖಾಲಿ ಅದೆ. ನಿಮ್ಮ ಮಾವನಿಗೆ ಅಪ್ಪೆಹುಳಿ ಅಷ್ಟು ಸೇರ್ತು!”

“ಅವ್ವಾ, ನಾನಿಲ್ಲಿ ಹೊರಗೆ...”

“ನೀ ಹೋದದ್ದೇ ಚಲೋ ಆಯ್ತು,” ಎಂದು ನಡುವೆ ಬಾಯಿ ಹಾಕಿದರು ದುರ್ಗಮ್ಮ. “ಮನೆ ಕಾಯೂಕೆ ಒಬ್ರು ಬೇಕಾಗಿತ್ತು.”

“ಹೌದು!” ಎಂದರು ಎಲ್ಲರೂ. ಅದರಲ್ಲಿ ಅವ್ವನ ದನಿಯಿತ್ತು, ಮುಖ ಊದಿಸಿದ್ದ ಭೂಮಿಕಾಳ ದನಿಯೂ ಸೇರಿತ್ತು.

ಫೋನು ಕಟ್ಟಾಯಿತು. ಎದುರುಮಾತು ಇಲ್ಲ ಎಂದು ನಿಯಮ ಮಾಡಿದವಳು ಅವಳೇ. ಸೌಮ್ಯ ಹೊಟ್ಟೆ ಹಸಿದುಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬೀಗ ಹಾಕಿದ ಮನೆಯನ್ನು ಹೊರಗಿನಿಂದ ಕಾಯತೊಡಗಿದಳು.