ಗಿಲಾವು ಕಾಣದ ಹೋಟೆಲು

ಲೋಕೋಪಯೋಗಿ ಇಲಾಖೆಯಿಂದ ಸಹಾಯಕ ಎಂಜಿನಿಯರರಾಗಿ ನಿವೃತ್ತರಾದ ಬೀರಪ್ಪನವರು (ಕಿರಿಯ ಎಂಜಿನಿಯರ್ ಎಂದವರನ್ನು ಅವರು ನಿಂತ ನಿಲುವಿನಲ್ಲೇ ತಿದ್ದುತ್ತಿದ್ದರು) ಸಿಮೆಂಟು ಮೆತ್ತಿ ಗಿಲಾವು ಮಾಡದ ಒಂದು ಗೋಡೆಗೂ ಸಹಿ ಹಾಕಿದವರಲ್ಲ. ಅಂಥವರ ಸ್ವಂತ ಮಗ ಬೀರೇಶ, ನಡೆಯುತ್ತಿದ್ದ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯನ್ನು ಮುಚ್ಚಿ, ಐಮಂಗಲದ ಬಳಿ ಹೆದ್ದಾರಿಗೆ (ರಾಷ್ಟ್ರೀಯ ಹೆದ್ದಾರಿ ನಲವತ್ತೆಂಟು, ನಾಲ್ಕು ಎಂಬುದು ಹಳೆಯ ಸಂಖ್ಯೆ) ಮುಖ ಮಾಡಿ ಪುಟ್ಟ ಹೋಟೆಲು ಕಟ್ಟಿದ್ದ. ಇಟ್ಟಿಗೆ ಕಾಣುವ ಗೋಡೆ, ತಲೆಯ ಮೇಲೆ ಬೆತ್ತಲೆ ಪೈಪುಗಳು, ತಂತಿಪಂಜರದಲ್ಲಿ ಸೆರೆಯಾದ ಬಲ್ಬುಗಳು.

“ಇದು ಇಂಡಸ್ಟ್ರಿಯಲ್ ಸ್ಟೈಲು ಮಾವ,” ಎಂದಳು ವಿನ್ಯಾಸ ಮಾಡಿದ ಸೊಸೆ ಮೋನಿಕಾ.

“ಇಂಡಸ್ಟ್ರಿ ಅಂದ್ರೆ ಕಾರ್ಖಾನೆ. ಕಾರ್ಖಾನೆ ಒಳಗೆ ಯಾರಮ್ಮ ದೋಸೆ ತಿಂತಾರೆ?”

“ಅಪ್ಪಾ, ಬೆಂಗ್ಳೂರಾಗೆ ಎಲ್ಲಾ ಹಿಂಗೇ ಐತೆ,” ಎಂದ ಬೀರೇಶ.

“ಪಾಪ, ಅಲ್ಲಿ ಸಿಮೆಂಟು ಸಿಕ್ಕಿರಲಿಕ್ಕಿಲ್ಲ.”

ಹೋಟೆಲು ಮುಳುಗಿದರೆ ಮಗ ಇನ್ನೊಬ್ಬರ ಅಂಗಡಿಯಲ್ಲಿ ಕೈಕಟ್ಟಿ ನಿಲ್ಲಬೇಕಾದೀತೆಂಬ ಚಿಂತೆಗೆ ಬೀರಪ್ಪನವರ ಊಟ ನಿದ್ದೆಗಳೆರಡೂ ಕೆಟ್ಟವು. ಅವರಿಗೆ ಕೆಟ್ಟ ಕಣ್ಣಿನಲ್ಲಿ ನಂಬಿಕೆಯಿರಲಿಲ್ಲ. ಆದರೆ ಅರೆಕಟ್ಟಡಕ್ಕೆ ದೃಷ್ಟಿಗೊಂಬೆ ಕಟ್ಟದ ಗುತ್ತಿಗೆದಾರನನ್ನು ಅವರು ಕಂಡದ್ದೂ ಇರಲಿಲ್ಲ. ಆದ್ದರಿಂದ ಪ್ರಾರಂಭೋತ್ಸವದ ಬೆಳಿಗ್ಗೆ, ಉಳಿದವರು ಹಿಂಬಾಗಿಲ ಅಡುಗೆಮನೆಯಲ್ಲಿ ಮುಳುಗಿದ್ದಾಗ, ತಮ್ಮ ಹಳೆಯ ಪ್ಯಾಂಟು ಅಂಗಿಗೆ ಹುಲ್ಲು ತುಂಬಿ, ಮಡಕೆಯ ತಲೆಗೆ ಮೀಸೆ ಬರೆದು, ಮುಂದಿನ ತೊಲೆಗೆ ಸದ್ದಿಲ್ಲದೆ ನೇತುಹಾಕಿದರು.

ಒಳಗೇ ಪೂಜೆಯಾಯಿತು. ಸಾಂಬಾರು ಕುದಿದು ಕುದಿದು ಗಟ್ಟಿಯಾಯಿತು. ಕಾರುಗಳು ನಿಧಾನಿಸುತ್ತಿದ್ದವು, ಇಣುಕುತ್ತಿದ್ದವು, ಹೊರಟುಹೋಗುತ್ತಿದ್ದವು. ಕೊನೆಗೂ ಒಬ್ಬ ಒಳಗೆ ಬಂದ. ಅವನ ಕೈಯಲ್ಲಿ ಕರಣೆಯಿತ್ತು.

“ಗಾರೆ ಕೆಲ್ಸ ಐತಾ ಸಾರ್? ನಾನು ಪಾಲಣ್ಣ, ಮದಕರಿಪುರದೋನು.”

ಅವನ ಬೆನ್ನಿಗೇ ಟ್ರ್ಯಾಕ್ಟರೊಂದು ಹಿಮ್ಮುಖವಾಗಿ ಬಂದು, “ಮರಳು ಎಲ್ಲಿ ಸುರೀಲಿ?” ಎಂದಿತು. (ಕೇಳಿದವನು ಚಾಲಕ.)

“ನಾನು ಬಡ್ಕಂಡೆ! ಗಿಲಾವಿಲ್ಲದ್ದಕ್ಕೇ ಈ ಗತಿ!” ಬೀರಪ್ಪನವರ ದನಿಯಲ್ಲಿ ದುಃಖಕ್ಕಿಂತ ಗೆಲುವೇ ಒಂದು ಗುಲಗಂಜಿ ಹೆಚ್ಚಿತ್ತು.

ಮೋನಿಕಾಳ ಕಣ್ಣು ತುಂಬಿತು. “ಅಣ್ಣಾ, ಇಲ್ಲಿ ಕೆಲ್ಸ ನಡೀತೈತೆ ಅಂತ ಯಾರು ಹೇಳಿದ್ರು?”

“ಯಾರು ಹೇಳ್ಬೇಕು ತಾಯಿ? ಮುಂದೆ ಗೊಂಬೆ ತೂಗಾಡ್ತೈತಲ್ಲ. ಮುಗಿದ್ ಕಟ್ಟಡಕ್ಕೆ ಯಾರಾನ ಗೊಂಬೆ ಕಟ್ತಾರಾ?”

ಎಲ್ಲರೂ ಹೊರಗೆ ಓಡಿದರು.

“ಅಪ್ಪಾ, ಇದು ನಿನ್ ಅಂಗಿ!” ಎಂದ ಬೀರೇಶ.

“ಮೀಸೆನೂ ಅವರ್ದೇ,” ಎಂದರು ಬೀರಪ್ಪನವರ ಪತ್ನಿ ಗಿರಿಯಮ್ಮ.

ಗೊಂಬೆ ಕೆಳಗಿಳಿಯಿತು. ಆದರೂ ಖಾಲಿ ಹೋಟೆಲಿಗೆ ಯಾರು ಕಾಲಿಡುತ್ತಾರೆ? ಒಳಗೆ ತಿನ್ನುವವರಿದ್ದರಷ್ಟೇ ಹೊರಗಿನವರಿಗೆ ಧೈರ್ಯ. ಮೋನಿಕಾ ಕಣ್ಣೊರೆಸಿಕೊಂಡು, ಹೆದ್ದಾರಿಗೆ ನೇರ ಕಾಣುವ ಕಿಟಕಿಯ ಪಕ್ಕಕ್ಕೆ ಎತ್ತರದ ಕಬ್ಬಿಣದ ಸ್ಟೂಲನ್ನು ಎಳೆದಳು.

“ಮಾವ, ಹತ್ರಿ.”

“ನಾನಾ? ಈ ಪೈಪುಗಳ ಕೆಳಗಾ?”

“ಹತ್ರೀ ಅಂದ್ರೆ!” ಎಂದರು ಗಿರಿಯಮ್ಮ.

ಕಾಲು ನೆಲಕ್ಕೆ ಎಟುಕದೆ, ಬೆನ್ನಿಗೆ ಆಸರೆಯಿಲ್ಲದೆ, ಬೀರಪ್ಪನವರು ಸರ್ವರ ಸಮ್ಮುಖದಲ್ಲಿ ಮಸಾಲೆದೋಸೆ ತಿಂದರು. ಒಂದು ಕಾರು ನಿಂತಿತು. ಇನ್ನೊಂದು ದೋಸೆ ತಿಂದರು, ಸಿರಿಗೆರೆಯ ಕಾಲೇಜು ಹುಡುಗಿಯರ ಗುಂಪೇ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಕೂರಲು ಜಾಗವಿರಲಿಲ್ಲ. ಬೀರಪ್ಪನವರ ಹೊಟ್ಟೆಯಲ್ಲಂತೂ ಮೊದಲೇ ಇರಲಿಲ್ಲ. ಬೆಲ್ಟು ಸಡಿಲಿಸಿಕೊಂಡು ಮೆಲ್ಲನೆ ಒಂದು ಕಾಲು ಕೆಳಗೆ ಬಿಟ್ಟರು.

ಸೊಸೆ ಬಿಸಿ ತಟ್ಟೆಯೊಡನೆ ಪ್ರತ್ಯಕ್ಷಳಾದಳು.

“ಕುಂತ್ಕಳ್ರಿ ಮಾವ, ಬಸ್ಸೊಂದು ನಿಧಾನ ಮಾಡ್ತೈತೆ. ಒಸಿ ನಗ್ತಾ ತಿನ್ರಿ.”