ಟವೆಲ್ಲಿನ ಕೆಳಗಿನ ಪಾಠ

೧೯೮೨ರ ಮಾರ್ಚ್ ೮. ಗದುಗಿನಲ್ಲಿ ಬೆಳಿಗ್ಗೆ ಹತ್ತಕ್ಕೇ ಬಿಸಿಗಾಳಿ, ಆಕಾಶದಲ್ಲಿ ಒಂದು ಮೋಡವಿಲ್ಲ. ಲಕ್ವಾ ಹೊಡೆದವರನ್ನು ಮತ್ತೆ ಎಬ್ಬಿಸಿ ನಡೆಸುವುದು ಹೇಗೆಂದು ನರ್ಸಬಾಯಿಗಳಿಗೂ ಕಂಪೌಂಡರುಗಳಿಗೂ ಕಲಿಸುವ ನನ್ನ ತರಗತಿ ಅಂದು ಶುರುವಾಯಿತು. ಕಲಿಸುವವನು ನಾನೆಂದು ರಿಜಿಸ್ಟರಿನಲ್ಲಿ ಬರೆದಿತ್ತು. ಆದರೆ ಈ ಕೆಲಸದಲ್ಲಿ ಪಾಠ ಯಾವಾಗಲೂ ಎದುರಿನಿಂದಲೇ ಬರುತ್ತದೆ. ಈಗಲೂ ಬರುತ್ತಿದೆ.

ಕಟ್ಟಿದ ಕೈ

ಒಂದು ಕೈ ಇಲ್ಲದ ಬದುಕು ಹೇಗಿರುತ್ತದೆಂದು ತಿಳಿಯಲಿ ಎಂದು ಎಲ್ಲರ ಬಲಗೈಯನ್ನೂ ಒಂದು ದಿನ ಎದೆಗೆ ಕಟ್ಟಿಸಿದೆ. ಶಿರಹಟ್ಟಿಯ ಕಂಪೌಂಡರ್ ಕಟ್ಟು ಬಿಚ್ಚದೆ ಹಾಗೇ ಬಸ್ಸು ಹತ್ತಿ ಊರಿಗೆ ಹೋದ. ಅವನನ್ನು ನೋಡಿದ ತಾಯಿ ಅಂಗಳದಲ್ಲೇ ಎದೆ ಬಡಿದುಕೊಂಡಳು. ಇದು ಪಾಠವೆಂದು ಅವನು ಹೇಳುವಷ್ಟರಲ್ಲಿ ನೆರೆಯವನು ಪಾರಿವಾಳ ಹಿಡಿದು ತಂದಿದ್ದ. ಅದರ ಬಿಸಿರಕ್ತ ತಿಕ್ಕಿದರೆ ಲಕ್ವಾ ಹೋಗುತ್ತದೆಂಬ ನಂಬಿಕೆ. ಹೆದರಿದ ಕಂಪೌಂಡರ್ ಕಟ್ಟು ಕಿತ್ತೊಗೆದು ಎರಡೂ ಕೈ ಮೇಲೆತ್ತಿದ.

"ನೋಡ್ ಯಕ್ಕಾ," ಅಂದ ನೆರೆಯವನು, "ಇನ್ನೂ ಕೊಯ್ದಿಲ್ಲ, ಆಗ್ಲೇ ಗುಣಾ ಬಂತು!"

ಒಂದೇ ಮಾತು

ತರಗತಿಗೆ ರೋಗಿಯಾಗಿ ಬರುತ್ತಿದ್ದವರು ಮುಂಡರಗಿಯ ಒಬ್ಬ ದನದ ದಲಾಲರು. ಬಲಗೈ ಬಿದ್ದಿತ್ತು. ಮಾತೆಲ್ಲ ಹೋಗಿ, ಎತ್ತುಗಳಿಗೆ ಹೇಳುತ್ತಿದ್ದ ಒಂದೇ ಶಬ್ದ ಉಳಿದಿತ್ತು: "ನಡಿ!" ಬುದ್ಧಿ ಮಾತ್ರ ಎಲ್ಲಿಗೂ ಹೋಗಿರಲಿಲ್ಲ.

ಮಗ ಅವರೆದುರೇ ನನಗೆ ಹೇಳಿದ: "ಅಪ್ಪಂದು ಸಂತಿ ಮುಗೀತ್ರಿ ಸರ. ಇನ್ನ ಮನ್ಯಾಗ ಕುಂಡ್ರಸ್ತೀವಿ."

"ನಡಿ!" ಅಂದರು ದಲಾಲರು. ಮನೆಯಲ್ಲಿ ಕೂರುವ ಆಸಾಮಿ ಅವರಲ್ಲ. ಸಂತೆಗೆ ಮರಳಬೇಕು, ಅದೊಂದೇ ಹಟ.

ಆ ವಾರ ತಪಾಸಣೆಗೆ ಬಂದ ಸಾಹೇಬರಿಗೆ ಈ ತರಗತಿಯೇ ದಂಡವೆನಿಸಿತ್ತು. ದಲಾಲರತ್ತ ಬಾಗಿ, "ಏನಜ್ಜಾ, ಇದನ್ನ ಬಂದ್ ಮಾಡಿದ್ರ ಹ್ಯಾಂಗ?" ಅಂದರು.

"ನಡಿ!"

ಸಾಹೇಬರು ಮುಖ ಕೆಂಪಗೆ ಮಾಡಿಕೊಂಡು ಹೊರನಡೆದರು. ಜೊತೆಗಿದ್ದ ಗುಮಾಸ್ತ ಶಾಂತವಾಗಿ ಬರೆದುಕೊಂಡ: "ರೋಗಿಯ ಅಭಿಪ್ರಾಯ: ತರಗತಿ ನಡೆಯಲಿ."

ಚೆಂಡು

ಬೆರಳಿಗೆ ಬಲ ಬರಲೆಂದು ಹಿಸುಕಲು ರಬ್ಬರ್ ಚೆಂಡು ಕೊಟ್ಟೆ. ದಲಾಲರು ಎಡಗೈಯಿಂದ ಅದನ್ನು ಕಿಟಕಿಯಾಚೆ ಎಸೆದರು. ಮರುದಿನವೂ ಎಸೆದರು.

"ಸರ, ಅವ್ರೇನು ಕೂಸೇನ್ರಿ?" ಎಂದು ಬೆಟಗೇರಿಯ ನರ್ಸಬಾಯಿ ನನ್ನನ್ನೇ ಗದರಿದಳು. ತನ್ನ ಕೈಯನ್ನು ಅವರ ಬಲಗೈಯಲ್ಲಿಟ್ಟು ಮೇಲೆ ಟವೆಲ್ ಹೊದಿಸಿದಳು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಎದುರಿನವನ ಎಷ್ಟು ಬೆರಳು ಹಿಡಿದರೆ ಅಷ್ಟು ನೂರು.

"ಹೇಳ್ರಿ ಕಾಕಾ, ನಮ್ಮ ಸರ್‌ಗೆ ಎಷ್ಟು ಕೊಡಬೌದು?"

ಟವೆಲ್ ಅಲುಗಿತು. ಆರು ವಾರ ಅಲುಗದಿದ್ದ ಕೈ!

"ಎಷ್ಟು ಅಂದ್ರು?" ಎಂದೆ ಆತುರದಿಂದ.

"ಕಿರುಬೆರಳ ತುದಿ ಹಿಡದಾರ್ರಿ," ಅಂದಳು ನರ್ಸಬಾಯಿ. "ಅದೂ ಬಿಡಾಕ ಹತ್ಯಾರ."

ಸಂತೆ

ದಿನವೂ ಟವೆಲ್ಲಿನ ಕೆಳಗೆ ಬೆಲೆ ಕಟ್ಟಿಸುತ್ತಾ ತಿಂಗಳುಗಳು ಕಳೆದವು. ಹಿಂಗಾರಿ ಬಿತ್ತನೆ ಮುಗಿದ ಮೇಲೆ ದಲಾಲರು ಕೋಲೂರಿಕೊಂಡು ಸಂತೆಗೆ ಹೊರಟರು. ಮಗ ಷರತ್ತು ಹಾಕಿದ್ದ: "ಮೋಸ ಹೋಗದಂಗ ಒಂದು ಹೋರಿಗರಾ ತಗೊಂಡ್ರ ವಾರಾ ವಾರಾ ಹೋಗ್ರಿ. ಇಲ್ಲಾಂದ್ರ ಮನಿ." ನಾನೂ ನರ್ಸಬಾಯಿಯೂ ಹಿಂದೆ ಹೋದೆವು.

ಹೋರಿಗರು, ಅಂದರೆ ಗಂಡುಕರು, ಮಾರಲು ಬಂದವನು ದಲಾಲರ ಬಲಗೈ ನೋಡಿ ನಕ್ಕ. ಅವನಿಗೆ ಐದು ನೂರು ಬೇಕಿತ್ತೆಂದು ಸಂತೆಗೆಲ್ಲ ಗೊತ್ತಿತ್ತು. ಟವೆಲ್ಲಿನ ಕೆಳಗೆ ಕೈ ಕೂಡಿತು. ಗಳಿಗೆಯಲ್ಲೇ ಅವನು, "ಆತು, ಕೊಟ್ಟೆ!" ಎಂದು ಹಗ್ಗ ದಾಟಿಸಿದ. ದಲಾಲರು ಮೂರು ನೂರು ಎಣಿಸಿ ಕೊಟ್ಟರು.

"ಇದೇನ್ರಿ? ಐದಲ್ಲಾ?"

ಜನ ಸೇರಿದರು. ಹಿರಿಯರೊಬ್ಬರು ಕೇಳಿದರು: "ಎಷ್ಟು ಬೆರಳು ಹಿಡದಿದ್ರಲೇ?"

"ಮೂರ. ಆದ್ರ ಅವ್ರ ಕೈಯಾಗ ಶಕ್ತಿ ಎಲ್ಲೈತ್ರಿ? ಐದು ಹಿಡಿಯಾಕ ಹೋಗಿ ಮೂರ ಸಿಕ್ಕಾವ ಅಂತ ನಾ ತಿಳದೆ!"

ದಲಾಲರು ಅದೇ ಬಲಗೈ ಚಾಚಿ, ಎಲ್ಲರೆದುರು ಅವನ ಐದೂ ಬೆರಳನ್ನು ಒಟ್ಟಿಗೆ ಹಿಡಿದು ಹಿಂಡಿದರು. ಅವನು ಒಂಟಿಗಾಲಲ್ಲಿ ಕುಣಿದ. "ಬಿಡ್ರಿ ಯಪ್ಪಾ! ಮೂರಕ್ಕ ಆತು, ಮೂರಕ್ಕ!"

ಸಂತೆಯ ಆಚೆ ಬದಿಯಲ್ಲಿದ್ದ ಮಗ ಗದ್ದಲ ಕೇಳಿ ಓಡಿಬಂದ. "ಕಡೀಕ ಎಷ್ಟು ಕೊಟ್ರಿ?"

ಉತ್ತರ ಕೊಟ್ಟವನು ಬೆರಳಿಗೆ ಬಾಯಿಂದ ಗಾಳಿ ಊದಿಕೊಳ್ಳುತ್ತಿದ್ದ ಹೋರಿಗರಿನವನು:

"ನಿಮ್ಮಪ್ಪ ಕೊಟ್ಟದ್ದು ಮೂರು ನೂರ, ತಮ್ಮಾ. ಅವ್ರ ಕೈಯಿಂದ ಬಿಡಿಸ್ಕೊಳ್ಳಾಕ ಎರಡು ನೂರ ನಾ ಕೊಟ್ಟೆ."